ಅಪ್ಪನ ಹತ್ತರಿಗೆ ಎಷ್ಟು ಡಿಗ್ರಿ?

ಹತ್ತರಿ ಅಂದರೆ ನನ್ನ ಕ್ಲಾಸಿನ ಅರ್ಧ ಜನಕ್ಕೆ ಗೊತ್ತಿಲ್ಲ. ಪುಸ್ತಕದ ಭಾಷೆಯಲ್ಲಿ ಉಜ್ಜುಗೊರಡು ಅಂದರೂ ಅಷ್ಟೇ. ಮರದ ಮೈಯನ್ನು ಸುರುಳಿ ಸುರುಳಿಯಾಗಿ ಹೆರೆದು ನುಣುಪು ಮಾಡುವ ಬಡಗಿಯ ಸಾಧನ ಅದು. ಕಾಮಗೆರೆಯ ನಮ್ಮ ಮನೆಯಲ್ಲಿರುವುದು ತಾತ ಕೊಂಡ, ಶೆಫೀಲ್ಡ್‌ನಲ್ಲಿ ತಯಾರಾದ ಕಬ್ಬಿಣದ ಹತ್ತರಿ. ಅಪ್ಪ ಈಗಲೂ ಅದರಲ್ಲೇ ದುಡಿಯುತ್ತಾರೆ. ಅಲಗಿನಲ್ಲಿ ಮಸೆಯಲು ಉಳಿದಿರುವ ಉಕ್ಕು ಒಂದು ಇಂಚಿಗೂ ಕಡಿಮೆ. ಯಾವ ಕೋನದಲ್ಲಿ ಮಸೆಯಬೇಕು ಎನ್ನುವುದು ನಮಗೆ ಪರೀಕ್ಷೆಯ ಪ್ರಶ್ನೆಯಷ್ಟೇ ಅಲ್ಲ.

ಈ ವಿನ್ಯಾಸ ಅಮೆರಿಕದ ಲಿಯೊನಾರ್ಡ್ ಬೈಲಿಯದು. 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಅವನ ಪೇಟೆಂಟ್‌ಗಳನ್ನು ಕೊಂಡಿತು. ಆಮೇಲೆ ಇಂಗ್ಲೆಂಡಿನವರೂ ಅದೇ ಮಾದರಿಯಲ್ಲಿ ತಯಾರಿಸಿದರು. ಅಲಗು 45 ಡಿಗ್ರಿಯಲ್ಲಿ ಒರಗಿರುತ್ತದೆ. ಮಸೆದ ಇಳಿಜಾರು ಕೆಳಮುಖ. ಹಾಗಾಗಿ 25ಕ್ಕೆ ಮಸೆಯಿರಿ, 30ಕ್ಕೆ ಮಸೆಯಿರಿ, ಮರವನ್ನು ಕತ್ತರಿಸುವ ಕೋನ 45 ಡಿಗ್ರಿಯೇ! ಹಾಗಾದರೆ ತಲೆ ಕೆಡಿಸಿಕೊಳ್ಳುವುದು ಯಾಕೆ? ಬದಲಾಗುವುದು ಅಂಚಿಗೆ ಒತ್ತಾಸೆಯಾಗಿ ನಿಲ್ಲುವ ಉಕ್ಕು. 25 ಡಿಗ್ರಿಯ ಅಂಚು ತೆಳು. ಹೊನ್ನೆಯ ಗಂಟು ಸಿಕ್ಕರೆ ಮುಕ್ಕಾಗುತ್ತದೆ, ಮುಕ್ಕು ತೆಗೆಯಲು ಇನ್ನಷ್ಟು ಉಕ್ಕು ಖರ್ಚು. ಗಟ್ಟಿಯಾಗಲಿ ಎಂದು 40ಕ್ಕೆ ಮಸೆದರೆ ಅಲಗಿನ ಕೆಳಗೆ ಉಳಿಯುವುದು ಬರೀ 5 ಡಿಗ್ರಿ ಜಾಗ. ಆಗ ಅಲಗು ಕಚ್ಚುವ ಬದಲು ಮರದ ಮೇಲೆ ಉಜ್ಜಿಕೊಂಡು ಹೋಗುತ್ತದೆ.

ಅಪ್ಪನ ಬಳಿ ಕೋನಮಾಪಕ ಇಲ್ಲ. 'ದಪ್ಪದ ಎರಡರಷ್ಟು ಇಳಿಜಾರು' ಎನ್ನುವುದು ಅವರ ಅಳತೆ. ಅಲಗು 2 ಮಿ.ಮೀ. ದಪ್ಪ ಇದ್ದರೆ ಇಳಿಜಾರು 4 ಮಿ.ಮೀ. ಲೆಕ್ಕ ಹಾಕಿ ನೋಡಿ: ಎರಡನ್ನು ನಾಲ್ಕರಿಂದ ಭಾಗಿಸಿದರೆ ಅರ್ಧ. ಸೈನ್ 30 ಡಿಗ್ರಿ! ಎಸ್ಸೆಸ್ಸೆಲ್ಸಿಯಿಂದ ಬಾಯಿಪಾಠ ಮಾಡಿದ್ದ ಸೂತ್ರಕ್ಕೆ ಇಂಥದ್ದೊಂದು ಉಪಯೋಗ ಇದೆ ಎಂದು ಯಾವ ಮೇಷ್ಟ್ರೂ ಹೇಳಿರಲಿಲ್ಲ.

ಕೊನೆಗೆ ನಾವು ಒಪ್ಪಿಕೊಂಡದ್ದು ಹೀಗೆ. ಸಾಣೆಚಕ್ರದಲ್ಲಿ 25 ಡಿಗ್ರಿ, ಅದೂ ಅಪರೂಪಕ್ಕೆ. ಆಗಾಗ ನೀರಿಗೆ ಅದ್ದಬೇಕು, ಅಂಚು ಕಾದು ನೀಲಿಯಾದರೆ ಉಕ್ಕಿನ ಗಡಸುತನ ಹೋಯಿತೆಂದೇ ಲೆಕ್ಕ. ದಿನದ ಮಸೆತ ಎಣ್ಣೆಕಲ್ಲಿನ ಮೇಲೆ, ತುದಿಯಷ್ಟೇ 30 ಡಿಗ್ರಿ. ಹೀಗೆ ಮಾಡಿದರೆ ಸವೆಯುವುದು ಕೂದಲೆಳೆಯಷ್ಟು.

ಬೇವಿನ ಮರದ ವಿಷಯದಲ್ಲಿ ಮಾತ್ರ ಜಗಳವೇ ಆಯಿತು. ಬೇವಿನ ನಾರು ಅತ್ತಿತ್ತ ಹೆಣೆದುಕೊಂಡಿರುತ್ತದೆ, ಹತ್ತರಿ ಓಡಿಸಿದರೆ ಕಿತ್ತು ಬರುತ್ತದೆ. ಅಲಗಿನ ಚಪ್ಪಟೆ ಬದಿಗೂ 10 ಡಿಗ್ರಿ ಕೊಟ್ಟರೆ ಕತ್ತರಿಸುವ ಕೋನ 55 ಆಗಿ ಕಿತ್ತು ಬರುವುದು ಕಡಿಮೆಯಾಗುತ್ತದೆ ಎಂದೆ. "ಬೆನ್ನು ಮಾತ್ರ ಮುಟ್ಬೇಡ ಕಣಪ್ಪ, ಆಮೇಲೆ ಅದನ್ನ ಸರಿ ಮಾಡಕ್ಕೆ ಇರೋ ಉಕ್ಕೆಲ್ಲ ಹೋಯ್ತದೆ" ಎಂದರು. ಅಲಗಿನ ಮೇಲೆ ಕೂರುವ ತಗಡನ್ನು ಅಂಚಿಗೆ ಕೂದಲೆಳೆಯಷ್ಟು ಹತ್ತಿರ ಸರಿಸಿ ತಿರುಪು ಬಿಗಿದು ತಳ್ಳಿದರು. ಬೇವು ಕಿತ್ತು ಬರಲಿಲ್ಲ.

ರೆಡಿಮೇಡ್ ಬಾಗಿಲುಗಳು ಬಂದ ಮೇಲೆ ಅಪ್ಪನಿಗೆ ಕೆಲಸ ಕಡಿಮೆಯಾಗಿದೆ. ಆದರೂ ರಜೆಗೆ ಬಂದಾಗಲೆಲ್ಲ ಅಲಗಿನ ಉದ್ದವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು ಬರೆದಿಡುತ್ತೇನೆ. "ಇನ್ನೆಷ್ಟು ವರ್ಷ ಬರ್ತದಂತೆ?" ಎಂದು ಅಪ್ಪ ಕೇಳುತ್ತಾರೆ. ಇದುವರೆಗೆ ಮೂರು ಸಲ ಅಳೆದಿದ್ದೇನೆ, ಉತ್ತರ ಹೇಳಲು ಇನ್ನೂ ಒಂದೆರಡು ಅಳತೆ ಬೇಕು.