ಕತ್ತಿ ತಾಗಿದರೆ ಕಾಯಿಲೆ ಹರಡುವುದೇ?

ಬಂಟ್ವಾಳವಿರಲಿ, ಬೆಳ್ತಂಗಡಿ, ಮೂಡುಬಿದಿರೆಯಿರಲಿ, ಮನೆಯ ಹೆಂಗಸೊಬ್ಬರ ಸ್ತನದಲ್ಲಿ ಗಡ್ಡೆ ಕಂಡಿತೆಂದರೆ ವೈದ್ಯರಿಗಿಂತ ಮೊದಲು ಒಂದು ಮಾತು ಮನೆಯೊಳಗೆ ಬರುತ್ತದೆ: 'ಕತ್ತಿ ತಾಗಿಸಬೇಡಿ, ತಾಗಿದರೆ ಮೈಯೆಲ್ಲ ಹರಡುತ್ತದೆ.'

ಈ ಮಾತು ಹುಟ್ಟಿದ್ದು ಹೇಗೆಂದು ಊಹಿಸುವುದು ಕಷ್ಟವಲ್ಲ. ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುವ ತಾಯಿಗೆ ಗಡ್ಡೆ ಕೈಗೆ ಸಿಗುತ್ತದೆ, ಆದರೆ ನೋಯುವುದಿಲ್ಲ. ನೋಯದ್ದನ್ನು ಯಾರಿಗೆ ಹೇಳುವುದು? ನಾಚಿಕೆ ಬೇರೆ. ಮಗಳ ಪರೀಕ್ಷೆ ಮುಗಿಯಲಿ, ಮಳೆಗಾಲ ಕಳೆಯಲಿ ಎಂದು ತಿಂಗಳುಗಳು ಉರುಳುತ್ತವೆ. ಮಂಗಳೂರಿನ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಕಂಕುಳಲ್ಲೂ ಗಂಟು ಎದ್ದಿರುತ್ತದೆ. ಶಸ್ತ್ರಚಿಕಿತ್ಸೆ ಆಗುತ್ತದೆ, ಎರಡು ವರ್ಷದಲ್ಲಿ ಕಾಯಿಲೆ ಎಲುಬಿನಲ್ಲೋ ಶ್ವಾಸಕೋಶದಲ್ಲೋ ಕಾಣಿಸಿಕೊಳ್ಳುತ್ತದೆ. ಊರವರು ಕಂಡದ್ದು ಕತ್ತಿಯನ್ನು. ಅದಕ್ಕೆ ಎಷ್ಟೋ ಮೊದಲೇ ರಕ್ತದೊಡನೆ ಹೊರಟುಹೋಗಿದ್ದ ಜೀವಕೋಶಗಳನ್ನು ಕಂಡವರಾರು?

ಶಸ್ತ್ರಚಿಕಿತ್ಸೆಯ ಇತಿಹಾಸವೂ ಭಯಪಡುವಂಥದ್ದೇ ಆಗಿತ್ತು. 1804ರಲ್ಲಿ ಜಪಾನಿನ ವೈದ್ಯ ಹನಓಕ ಸೈಶು ಎಂಬಾತ ಸ್ತನದ ಗಡ್ಡೆಯಿದ್ದ ವೃದ್ಧೆಯೊಬ್ಬಳಿಗೆ ಔಷಧ ಕುಡಿಸಿ, ಪ್ರಜ್ಞೆ ತಪ್ಪಿಸಿ ಗಡ್ಡೆ ತೆಗೆದ. ಆ ಔಷಧದ ಮುಖ್ಯ ವಸ್ತು ನಮ್ಮ ಬೇಲಿ ಬದಿಯಲ್ಲಿ ಬೆಳೆಯುವ ಉಮ್ಮತ್ತದ ಜಾತಿಯ ಗಿಡ! (ಯಾರೂ ಮನೆಯಲ್ಲಿ ಪ್ರಯೋಗ ಮಾಡಬಾರದು, ಅದು ವಿಷ.) ಯುರೋಪಿನಲ್ಲಿ ಈಥರ್, ಕ್ಲೋರೋಫಾರ್ಮ್ ಬರುವವರೆಗೆ, ಅಂದರೆ ಮತ್ತೂ ನಾಲ್ಕು ದಶಕ, ಎಚ್ಚರದಲ್ಲಿದ್ದಂತೆಯೇ ಕೊಯ್ಯುತ್ತಿದ್ದರು.

ಅರಿವಳಿಕೆ ಬಂದ ಮೇಲೆ ಕತ್ತಿಗೆ ಧೈರ್ಯ ಬಂತು. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಇಡೀ ಸ್ತನ, ಅದರ ಅಡಿಯ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು ಎಲ್ಲವೂ ಹೋಗುತ್ತಿದ್ದವು. ಕಾಯಿಲೆ ಬೇರಿನಂತೆ ಸುತ್ತಲೂ ಹಬ್ಬುತ್ತದೆ, ಬೇರು ಸಮೇತ ಕಿತ್ತರೆ ಮುಗಿಯಿತು ಎಂಬುದು ತರ್ಕ. ಎದೆ ಗುಳಿಬಿದ್ದು, ತೋಳು ಬಾತುಕೊಂಡು ಬದುಕಿದ ಹೆಂಗಸರು ಎಷ್ಟೋ ಮಂದಿ. ಮುಕ್ಕಾಲು ಶತಮಾನ ಇದನ್ನು ಪ್ರಶ್ನಿಸಿದವರು ಕಡಿಮೆ.

ಪ್ರಶ್ನಿಸಿದವರಲ್ಲಿ ಪ್ರಮುಖರು ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಶರ್ ಮತ್ತು ಇಟಲಿಯ ಮಿಲಾನ್ ನಗರದ ಉಂಬೆರ್ಟೊ ವೆರೊನೆಸಿ. ಇವರು ಮಾಡಿದ್ದನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ಯಾರಿಗೆ ಯಾವ ಶಸ್ತ್ರಚಿಕಿತ್ಸೆ ಎಂಬುದನ್ನು ವೈದ್ಯರು ಆರಿಸಲಿಲ್ಲ. ನಾಣ್ಯ ಚಿಮ್ಮಿದಂತೆ ಚೀಟಿ ಎತ್ತಿ ನಿರ್ಧರಿಸಿದರು. ಹೀಗಾದಾಗ ಎರಡು ಗುಂಪುಗಳಲ್ಲಿ ವಯಸ್ಸು, ಗಡ್ಡೆಯ ಗಾತ್ರ, ಬಡತನ ಎಲ್ಲವೂ ಸರಿಸುಮಾರು ಸಮವಾಗಿ ಹಂಚಿಹೋಗುತ್ತವೆ. ಕೊನೆಯಲ್ಲಿ ವ್ಯತ್ಯಾಸ ಕಂಡರೆ ಅದು ಚಿಕಿತ್ಸೆಯದ್ದೇ. ವೆರೊನೆಸಿ 1973ರಿಂದ 701 ಮಹಿಳೆಯರನ್ನು, ಫಿಶರ್ ತಂಡ 1976ರಿಂದ ಸುಮಾರು ಎರಡು ಸಾವಿರ ಮಹಿಳೆಯರನ್ನು ಹೀಗೆ ಗಮನಿಸಿತು. 2002ರಲ್ಲಿ ಇಬ್ಬರೂ ಇಪ್ಪತ್ತು ವರ್ಷಗಳ ಫಲಿತಾಂಶ ಪ್ರಕಟಿಸಿದರು. ಸಣ್ಣ ಗಡ್ಡೆಯಾದರೆ ಗಡ್ಡೆಯನ್ನಷ್ಟೇ ತೆಗೆದು ವಿಕಿರಣ ಕೊಟ್ಟವರೂ, ಇಡೀ ಸ್ತನ ತೆಗೆಸಿಕೊಂಡವರೂ ಬದುಕಿದ ಪ್ರಮಾಣ ಒಂದೇ. ವಿಕಿರಣ ಮಾತ್ರ ತಪ್ಪುವಂತಿಲ್ಲ. ಫಿಶರ್ ಅಧ್ಯಯನದಲ್ಲಿ ವಿಕಿರಣ ಪಡೆಯದವರಲ್ಲಿ ಶೇ. 39ರಷ್ಟು ಮಂದಿಗೆ ಅದೇ ಸ್ತನದಲ್ಲಿ ಗಡ್ಡೆ ಮರುಕಳಿಸಿತು, ಪಡೆದವರಲ್ಲಿ ಶೇ. 14.

ಇಲ್ಲಿ ನಮ್ಮ ಊರಿನ ಲೆಕ್ಕ ಬೇರೆ. ವಿಕಿರಣ ಯಂತ್ರ ಇರುವುದು ಮಂಗಳೂರು, ಮಣಿಪಾಲದ ಕಡೆ. ಬೆಳ್ತಂಗಡಿಯ ಒಳಗಿನ ಹಳ್ಳಿಯಿಂದ ವಾರಗಟ್ಟಲೆ ದಿನವೂ ಹೋಗಿಬರಬೇಕೆಂದರೆ ಬಸ್ಸಿನ ಖರ್ಚು, ಜೊತೆಗೊಬ್ಬರು, ಆ ದಿನಗಳ ಬೀಡಿಯ ಮಜೂರಿ. 'ಪೂರ್ತಿ ತೆಗೆದುಬಿಡಿ ಡಾಕ್ಟ್ರೇ' ಎಂದು ಹೇಳಿಸುವುದು ಎಷ್ಟೋ ಬಾರಿ ಕಾಯಿಲೆಯಲ್ಲ, ಈ ದೂರ. ಬ್ರಿಟನ್ನಿನ ಅಧ್ಯಯನಗಳಿಂದಾಗಿ ಐದು ವಾರದ ವಿಕಿರಣ ಈಗ ಅನೇಕರಿಗೆ ಮೂರು ವಾರಕ್ಕೆ, ಹದಿನೈದು ಸರದಿಗೆ ಇಳಿದಿದೆ. ಆಯ್ದ ಕೆಲವರಿಗೆ ಐದೇ ಸರದಿ ಸಾಕೆಂದು 2020ರಲ್ಲಿ ತಿಳಿದುಬಂತು. ಹಾಗಾಗಿ ನಿರ್ಧಾರಕ್ಕೆ ಮೊದಲು 'ಎಷ್ಟು ಸರದಿ?' ಎಂದು ಕೇಳುವುದು ಒಳ್ಳೆಯದು.

ಕಂಕುಳಿನ ವಿಷಯದಲ್ಲೂ ಕತ್ತಿ ಹಿಂದೆ ಸರಿದಿದೆ. ಸ್ತನದಿಂದ ಹೊರಟ ದ್ರವ ಮೊದಲು ತಲುಪುವ ಒಂದೆರಡು ಗ್ರಂಥಿಗಳನ್ನು ನೀಲಿ ಬಣ್ಣ ಚುಚ್ಚಿ ಗುರುತಿಸಿ, ಅವನ್ನಷ್ಟೇ ತೆಗೆದು ಪರೀಕ್ಷಿಸುತ್ತಾರೆ. ಅಲ್ಲಿ ಕಾಯಿಲೆ ಇಲ್ಲದಿದ್ದರೆ ಉಳಿದವನ್ನು ಮುಟ್ಟುವುದಿಲ್ಲ. ತೋಳು ಬಾತುಕೊಳ್ಳುವುದು ಬಹಳ ಕಡಿಮೆಯಾಗುತ್ತದೆ. ಕೈಯನ್ನೇ ನಂಬಿ ದುಡಿಯುವವರಿಗೆ ಇದು ಸಣ್ಣ ವಿಷಯವಲ್ಲ.

ಇನ್ನು ಊರವರ ಆ ಪ್ರಶ್ನೆ. ಅದನ್ನು ನಕ್ಕು ಬಿಡದೆ ಪರೀಕ್ಷೆಗೆ ಒಡ್ಡಿದವರು ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು. ಕೊಯ್ಯುವ ಹೊತ್ತಿನಲ್ಲಿ ಒಂದಷ್ಟು ಜೀವಕೋಶಗಳು ಕದಲಬಹುದೇ, ಕದಲಿದರೆ ತಡೆಯಬಹುದೇ? ದೇಶದ 11 ಆಸ್ಪತ್ರೆಗಳಲ್ಲಿ ಆರಂಭದ ಹಂತದ ಸುಮಾರು 1,600 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಶಸ್ತ್ರಚಿಕಿತ್ಸೆಗೆ ಏಳರಿಂದ ಹತ್ತು ನಿಮಿಷ ಮೊದಲು ಗಡ್ಡೆಯ ಸುತ್ತ ಲಿಡೊಕೇನ್ ಚುಚ್ಚಿದರು; ಹಲ್ಲು ಕೀಳುವಾಗ ಕೊಡುವ ಅದೇ ಅಗ್ಗದ ಮರಗಟ್ಟಿಸುವ ಔಷಧ. 2023ರಲ್ಲಿ ಫಲಿತಾಂಶ ಬಂತು. ಐದು ವರ್ಷದ ನಂತರ ಚುಚ್ಚುಮದ್ದು ಪಡೆದವರಲ್ಲಿ ಶೇ. 90.1, ಪಡೆಯದವರಲ್ಲಿ ಶೇ. 86.4 ಮಂದಿ ಬದುಕಿದ್ದರು. ಒಂದೇ ಅಧ್ಯಯನ ಕೊನೆಯ ಮಾತಲ್ಲ. ಆದರೆ ಅಂಕಿಗಳನ್ನು ಇನ್ನೊಮ್ಮೆ ಓದಬೇಕು: ಚುಚ್ಚುಮದ್ದು ಇಲ್ಲದೆ ಕತ್ತಿ ತಾಗಿದ ನೂರರಲ್ಲಿ ಎಂಬತ್ತಾರು ಮಂದಿಯೂ ಐದು ವರ್ಷ ಕಳೆದು ಬದುಕಿದ್ದಾರೆ. ಬೇಗ ಬಂದವರು ಅವರು.

ಬೇಗ ಬರುವುದಕ್ಕೆ ದುಬಾರಿ ಯಂತ್ರವೇ ಬೇಕೆಂದಿಲ್ಲ. ಟಾಟಾ ಆಸ್ಪತ್ರೆಯವರೇ 1998ರಲ್ಲಿ ಮುಂಬೈಯ ಒಂದೂವರೆ ಲಕ್ಷ ಮಹಿಳೆಯರಲ್ಲಿ ಆರಂಭಿಸಿದ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದಂತೆ, 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್‌ನಿಂದಾಗುವ ಸಾವು ಸುಮಾರು ಶೇ. 30ರಷ್ಟು ಇಳಿದಿತ್ತು. ಕಿರಿಯರಲ್ಲಿ ಅಂಥ ಲಾಭ ಕಾಣಲಿಲ್ಲ.

30 ದಾಟಿದ ಮಹಿಳೆಯರಿಗೆ ಇಂಥ ಪರೀಕ್ಷೆ ಸರಕಾರದ ತಪಾಸಣಾ ಕಾರ್ಯಕ್ರಮದಲ್ಲಿಯೇ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಬಹುದು. ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಹದಿಹರೆಯದ ಹುಡುಗಿಯರಲ್ಲಿ ಬೆರಳಿಗೆ ಸಿಗದೆ ಜಾರುವ ಗಡ್ಡೆ ಸಾಮಾನ್ಯವಾಗಿ ನಿರಪಾಯಕಾರಿ. ಹೊಸ ಗಡ್ಡೆ, ಒಳಸೇದಿದ ತೊಟ್ಟು, ತೊಟ್ಟಿನಿಂದ ರಕ್ತ, ಕಿತ್ತಳೆ ಸಿಪ್ಪೆಯಂತಾದ ಚರ್ಮ ಇದ್ದರೆ ಮಾತ್ರ ಮಳೆಗಾಲ ಮುಗಿಯಲೆಂದು ಕಾಯುವಂತಿಲ್ಲ. ನೂರರಲ್ಲಿ ಒಬ್ಬ ರೋಗಿ ಗಂಡಸೂ ಆಗಿರುತ್ತಾನೆ, ತಂದೆಯರಿಗೂ ಇದು ಅನ್ವಯ. ಸೂಜಿ ಹಾಕಿ ಚೂರು ತೆಗೆದು ನೋಡುವುದರಿಂದ ಕಾಯಿಲೆ ಮೈಗೆ ಹರಡುವುದೆಂಬ ಭಯಕ್ಕೆ ಆಧಾರವಿಲ್ಲ. ಆ ಚೂರಿನ ವರದಿಯನ್ನು, ಮುಂದೆ ಯಾವ ಆಸ್ಪತ್ರೆಗೆ ಹೋದರೂ, ಜೊತೆಯಲ್ಲೇ ಒಯ್ಯಬೇಕು. ಯಾವ ಔಷಧ ಹಿಡಿಸುತ್ತದೆಂದು ವೈದ್ಯರು ನಿರ್ಧರಿಸುವುದು ಅದರಿಂದಲೇ.