ಮಧ್ಯರಾತ್ರಿಯ ಹೊದಿಕೆ

ನಮ್ಮ ಮನೆಗಳಲ್ಲಿ ಕೂಸಿಗೆ ಲಿಂಗಧಾರಣೆ ಮಾಡುವಾಗ, ಮುಂದೆ ಅದು ನಡೆದೀತೇ, ನುಡಿದೀತೇ ಎಂದು ಯಾರೂ ಕೇಳುವುದಿಲ್ಲ. ಆದರೆ ಮಗುವಿನ ಬುದ್ಧಿ ಬೆಳೆಯದೆಂದು ತಿಳಿದಂದಿನಿಂದ ‘ಯಾವ ಜನ್ಮದ ಕರ್ಮವೋ’ ಎಂಬ ಮಾತು ಹೆತ್ತವರನ್ನು ಇರಿಯತೊಡಗುತ್ತದೆ. ಅಂತಹ ಹೆತ್ತವರಿಗೆ ಜಪಾನಿನ ಒಬ್ಬ ತಂದೆಯ ಬಾಳನ್ನು ಹೇಳಬಯಸುತ್ತೇವೆ.

ಕಾದಂಬರಿಕಾರ ಕೆಂಜಾಬುರೊ ಓಯೆ ಅವರ ಮಗ ಹಿಕಾರಿ 1963ರಲ್ಲಿ ಜನಿಸಿದಾಗ ಮಿದುಳು ತಲೆಬುರುಡೆಯಿಂದ ಹೊರಚಾಚಿತ್ತು. ಶಸ್ತ್ರಚಿಕಿತ್ಸೆಯಿಂದ ಜೀವ ಉಳಿಯಿತು. ಬುದ್ಧಿಮಾಂದ್ಯತೆ ಉಳಿದೇ ಹೋಯಿತು. ತಂದೆಯ ಮನಸ್ಸು ಮೊದಲು ಹಿಂಜರಿಯಿತು. ಆ ತೊಳಲಾಟವೇ 1964ರಲ್ಲಿ ಕಾದಂಬರಿಯಾಯಿತು.

ಮಾತು ಬಾರದ ಮಗು ಹಕ್ಕಿಗಳ ದನಿಗೆ ಕಿವಿಗೊಡುವುದನ್ನು ಕಂಡು, ಹೆತ್ತವರು ಹಕ್ಕಿಯುಲಿಗಳ ಧ್ವನಿಮುದ್ರಿಕೆಯನ್ನು ಮತ್ತೆ ಮತ್ತೆ ಕೇಳಿಸಿದರು. ಸುಮಾರು ಆರರ ವಯಸ್ಸಿನಲ್ಲಿ ಹಿಕಾರಿ, ಕಾಡಿನಲ್ಲಿ ಕೂಗಿದ ಹಕ್ಕಿಯೊಂದರ ಹೆಸರನ್ನು ಸ್ಪಷ್ಟವಾಗಿ ನುಡಿದನು. ಮುಂದೆ ಪಿಯಾನೊ ಕಲಿತು ಸಂಗೀತ ರಚಿಸಿದನು. 1992ರಲ್ಲಿ ಅವನ ರಚನೆಗಳ ಧ್ವನಿಮುದ್ರಿಕೆ ಹೊರಬಂದಿತು.

ಎಲ್ಲ ಮಕ್ಕಳಿಗೂ ಇಂತಹ ಪ್ರತಿಭೆ ಇರದು. ನಮ್ಮ ಮನಸ್ಸನ್ನು ಸೆಳೆದುದು ಬೇರೆಯೇ. 1994ರಲ್ಲಿ ನೊಬೆಲ್ ಪಡೆದ ಆ ತಂದೆ, ಮಗ ನಲವತ್ತು ದಾಟಿದ ಮೇಲೂ ಪ್ರತಿ ಮಧ್ಯರಾತ್ರಿ ಅವನಿಗೆ ಹೊದಿಕೆ ಹೊದಿಸುತ್ತಿದ್ದರು. ಪ್ರತಿಫಲ ಬಯಸದ ಈ ನಿತ್ಯಸೇವೆಗೆ ಕಾಯಕವೆಂಬುದಕ್ಕಿಂತ ಬೇರೆ ಹೆಸರುಂಟೇ?

ಓಯೆ 2023ರಲ್ಲಿ ತೀರಿಕೊಂಡರು. ‘ನಮ್ಮ ನಂತರ ಈ ಮಗುವಿಗೆ ಯಾರು?’ ಎಂಬುದು ಅಂತಹ ಪ್ರತಿಯೊಬ್ಬ ತಾಯಿತಂದೆಯ ನಿದ್ದೆಗೆಡಿಸುವ ಪ್ರಶ್ನೆ. ಉತ್ತರ ಹೇಳಬೇಕಾದವರು ನಾವು, ಬಂಧುಗಳು, ಸಮಾಜ. ಆ ಮಗುವನ್ನು ಮಠಕ್ಕೆ, ಮದುವೆ ಮನೆಗೆ, ಪಂಕ್ತಿಗೆ ಕರೆಯೋಣ. ಒಂದು ರಾತ್ರಿಯಾದರೂ ಆ ಹೊದಿಕೆಯನ್ನು ನಾವು ಹೊದಿಸೋಣ. ಅದೇ ನಿಜವಾದ ದಾಸೋಹ.