ಸಮುದ್ರಕ್ಕೆ ಬೆನ್ನು ಹಾಕಿ, ಅಪ್ಪನ ಹಿಂದೆ

ಅಂಡಮಾನಿಗೆ ಹೊರಟಿದ್ದೇನೆ ಎಂದಾಗ ಹಾಸ್ಟೆಲ್ ಗೆಳೆಯರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ‘ಸ್ಕೂಬಾ ಮಾಡ್ತೀಯೇನೋ?’ ನಾನು ಮಾಡಿದ್ದು ಬೇರೆ. ಸುತ್ತ ನೀರೇ ಇರುವ ಊರಿಗೆ ಹೋಗಿ, ಸಮುದ್ರಕ್ಕೆ ಬೆನ್ನು ಹಾಕಿ, ಅಪ್ಪನ ಹಿಂದೆ ಗುಡ್ಡ ಹತ್ತಿದೆ.

ಅಪ್ಪ ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರ ಪೋಸ್ಟ್‌ಮ್ಯಾನ್. ಮುಂದಿನ ವರ್ಷ ನಿವೃತ್ತಿ. ಇಡೀ ಸರ್ವಿಸಿನಲ್ಲಿ ಒಮ್ಮೆಯೂ ಎಲ್‌ಟಿಸಿ ಬಳಸದ ಮನುಷ್ಯ, ಸಹೋದ್ಯೋಗಿಗಳ ಒತ್ತಾಯಕ್ಕೆ ಮಣಿದು ಈ ಜನವರಿಯಲ್ಲಿ ನಮ್ಮನ್ನೆಲ್ಲ ವಿಮಾನ ಹತ್ತಿಸಿದರು. ಅವರು ಖುಷಿಯಲ್ಲಿದ್ದರು. ನಾನು ಇರಲಿಲ್ಲ. ಮೂರನೇ ಸೆಮಿಸ್ಟರಿನ ಗಣಿತ ನನಗೆ ಉಳಿದುಕೊಂಡಿತ್ತು. ಎರಡನೇ ಸಲ ಬರೆದಾಗಲೂ ಫೇಲು. ಮನೆಯಲ್ಲಿ ಮಾತ್ರ ‘ಎಲ್ಲಾ ಪಾಸು’ ಎಂದಿದ್ದೆ. ಬ್ಯಾಗಿನಲ್ಲಿ ಬಟ್ಟೆಗಿಂತ ಆ ಸುಳ್ಳೇ ಭಾರವಾಗಿತ್ತು.

ಮೂರನೇ ದಿನ ಅಮ್ಮ, ತಂಗಿ ಅಂಗಡಿ ಸುತ್ತಲು ಹೊರಟರು. ಅಪ್ಪ ‘ಇಲ್ಲಿ ನಡೆಯೋಕೆ ಕಾಡಿಲ್ವಾ?’ ಎಂದು ಲಾಡ್ಜಿನವರನ್ನು ಕೇಳಿದರು. ಅವರು ಹೇಳಿದ್ದು ಮೌಂಟ್ ಹ್ಯಾರಿಯಟ್. ಪೋರ್ಟ್ ಬ್ಲೇರ್ ಈಗ ಶ್ರೀ ವಿಜಯಪುರಂ ಆಗಿರುವಂತೆ, ಈ ಗುಡ್ಡಕ್ಕೂ 2021ರಲ್ಲಿ ಮೌಂಟ್ ಮಣಿಪುರ ಎಂದು ಹೆಸರು ಬದಲಾಗಿದೆ. ಚಾಥಮ್ ಜೆಟ್ಟಿಯಿಂದ ಬ್ಯಾಂಬೂ ಫ್ಲಾಟ್‌ಗೆ ದೋಣಿ. ಜನ, ಸ್ಕೂಟರು, ಜೀಪು ಎಲ್ಲವೂ ಅದರಲ್ಲೇ. ಆಚೆ ದಡದಿಂದ ಆಟೊ. ಅರಣ್ಯ ಇಲಾಖೆಯ ಗೇಟಿನಲ್ಲಿ ಟಿಕೆಟ್.

ಗುಡ್ಡ ನಾಲ್ಕು ನೂರು ಮೀಟರಿಗೂ ಕಡಿಮೆ. ಕುಂದಾದ್ರಿ, ಕೊಡಚಾದ್ರಿ ನೋಡಿದವರಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ಇದರ ಮೈತುಂಬ ಕಥೆಗಳಿವೆ. ಹ್ಯಾರಿಯಟ್ ಎಂಬಾಕೆ 1860ರ ದಶಕದಲ್ಲಿ ಇಲ್ಲಿನ ಕೈದಿಗಳ ವಸಾಹತಿನ ಮೇಲಧಿಕಾರಿಯಾಗಿದ್ದ ಟೈಟ್ಲರ್‌ನ ಹೆಂಡತಿ. 1891ರ ಯುದ್ಧದಲ್ಲಿ ಬ್ರಿಟಿಷರಿಗೆ ಸೋತ ಮಣಿಪುರದ ಮಹಾರಾಜ ಕುಲಚಂದ್ರ ಸಿಂಗ್ ಮತ್ತು ಸಂಗಡಿಗರನ್ನು ತಂದು ಇಟ್ಟಿದ್ದು ಇಲ್ಲೇ. ಹೊಸ ಹೆಸರು ಅವರ ನೆನಪಿಗೆ. 1872ರ ಫೆಬ್ರವರಿ 8ರಂದು ವೈಸ್‌ರಾಯ್ ಲಾರ್ಡ್ ಮೇಯೊ ಇದೇ ಗುಡ್ಡದ ಮೇಲಿಂದ ಸೂರ್ಯಾಸ್ತ ನೋಡಿ ಕೆಳಗಿಳಿದ. ಕತ್ತಲಲ್ಲಿ ದೋಣಿ ಹತ್ತುವ ಮೊದಲೇ ಶೇರ್ ಅಲಿ ಅಫ್ರಿದಿ ಎಂಬ ಕೈದಿ ಅವನನ್ನು ಇರಿದು ಕೊಂದ. ಬೆಂಗಳೂರಿನ ಎಂ.ಜಿ. ರಸ್ತೆಯ ಮೇಯೊ ಹಾಲ್ ಮುಂದೆ ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೇನೆ. ಅದು ಈ ಮೇಯೊನ ನೆನಪಿಗೇ ಕಟ್ಟಿದ್ದು ಎಂದು ನನಗೆ ಹೊಳೆದದ್ದು ಸಮುದ್ರ ದಾಟಿದ ಮೇಲೆ!

ಅಪ್ಪನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಹಳೆಯ ಕೆಂಪು ಇಪ್ಪತ್ತರ ನೋಟಿನ ಹಿಂಬದಿಯಲ್ಲಿ ಗುಡ್ಡ, ಸಮುದ್ರ, ದೀಪಸ್ತಂಭ ಇತ್ತಲ್ಲ? ಆ ಗುಡ್ಡ ಇದೇ. ‘ಮನಿಯಾರ್ಡರ್ ಕೊಡುವಾಗ ಎಷ್ಟು ಸಾವಿರ ಸಲ ಎಣಿಸಿದ್ದೇನೋ, ಒಮ್ಮೆಯೂ ತಿರುಗಿಸಿ ನೋಡ್ಲಿಲ್ಲ ನೋಡು’ ಎಂದು ನಕ್ಕರು.

ತುದಿಯಿಂದ ಕಾಲಾಪತ್ಥರ್ ಎಂಬಲ್ಲಿಗೆ ಕಾಡಿನೊಳಗೆ ಎರಡು ಕಿಲೋಮೀಟರಿನಷ್ಟು ಕಾಲುದಾರಿ. ಅದೇ ದಾರಿ ಮುಂದುವರಿದರೆ ಮಧುಬನ್ ಕಡಲತೀರ. ಅದಕ್ಕೆ ಪೂರ್ತಿ ಒಂದು ದಿನ ಬೇಕು. ಮ್ಯಾನ್ಮಾರಿನ ಅರಕಾನ್ ಪರ್ವತಸಾಲು ಸಮುದ್ರದೊಳಗೆ ಮುಳುಗಿ ಮುಂದುವರಿದು, ತಲೆ ಎತ್ತಿದಲ್ಲೆಲ್ಲ ಅಂಡಮಾನಿನ ದ್ವೀಪಗಳಾಗಿವೆ. ಅಂದರೆ ನಾವು ನಡೆಯುತ್ತಿದ್ದದ್ದು ಮುಳುಗಿದ ಬೆಟ್ಟವೊಂದರ ನೆತ್ತಿಯ ಮೇಲೆ. ಹುಲಿ, ಚಿರತೆ ಇಲ್ಲದ ಕಾಡು. ಗೋಡೆಯಂಥ ಬೇರುಗಳ ಮರ, ಬಳ್ಳಿ, ಕಾಲಡಿ ಹಸಿ ಎಲೆ, ಜನವರಿಯಲ್ಲೂ ಬನಿಯನ್ ಹಿಂಡಿದರೆ ನೀರು ಬರುವಷ್ಟು ಸೆಕೆ.

ಅಪ್ಪ ಬಗ್ಗಿ ಬಿಲ್ಲೆಯಂಥ ಒಂದು ಒಣಕಾಯಿ ಎತ್ತಿಕೊಂಡರು. ‘ನಮ್ ಹೊನ್ನೆ ಕಾಯಿ ಹಂಗೇ ಇದ್ಯಲ್ಲ ಮಾರಾಯ!’ ಗೂಗಲ್ ಮಾಡೋಣವೆಂದರೆ ನೆಟ್‌ವರ್ಕ್ ಇಲ್ಲ. ಸಂಜೆ ನೋಡಿದರೆ ಅಪ್ಪನ ಮಾತೇ ನಿಜ. ಅದು ಅಂಡಮಾನಿನ ಪಡೌಕ್. ನಮ್ಮ ಹೊನ್ನೆಯ ದಾಯಾದಿ, ಒಂದೇ ಕುಲ.

ಒಂದು ಕಿಲೋಮೀಟರ್ ದಾಟುವಷ್ಟರಲ್ಲಿ ನನಗೆ ಏದುಸಿರು. ಐವತ್ತೊಂಬತ್ತರ ಅಪ್ಪ ಬಟವಾಡೆಗೆ ಹೊರಟವರಂತೆ ಮುಂದೆ ಮುಂದೆ. ಓಡುವುದಿಲ್ಲ, ನಿಲ್ಲುವುದೂ ಇಲ್ಲ. ಕಾಲಾಪತ್ಥರ್‌ನಲ್ಲಿ ಕಪ್ಪು ಬಂಡೆಯ ಆಚೆಗೆ ನೇರ ಪ್ರಪಾತ. ಇಲ್ಲಿಂದ ಕೈದಿಗಳನ್ನು ತಳ್ಳುತ್ತಿದ್ದರು ಎನ್ನುತ್ತಾರೆ. ಅಪ್ಪ ಹತ್ತಿರ ಹೋಗಲು ಬಿಡಲಿಲ್ಲ. ಇಬ್ಬರೂ ಕುಳಿತು ಅಮ್ಮ ಕಟ್ಟಿಕೊಟ್ಟಿದ್ದ ಚಕ್ಕುಲಿ ತಿಂದೆವು.

‘ನೀನು ಕೆಲಸಕ್ಕೆ ಸೇರಿದ್ಮೇಲೆ ಇನ್ನೊಂದ್ಸಲ ಬರೋಣ’ ಎಂದರು.

ಅಷ್ಟೇ. ನನ್ನ ಬಾಯಿಂದ ಹೊರಬಿತ್ತು: ‘ಅಪ್ಪ, ಎಂ-ತ್ರೀ ಉಳ್ಕೊಂಡಿದೆ. ಎರಡು ಸಲ.’

ಬೈಯುತ್ತಾರೆ ಅಂದುಕೊಂಡೆ. ಬಹಳ ಹೊತ್ತು ಸುಮ್ಮನಿದ್ದರು. ‘ಮೂವತ್ತು ವರ್ಷ ಊರವರ ಕಾಗದ ಎಲ್ಲಾ ತಲುಪಿಸ್ದೆ. ನನ್ನ ಮನೆ ಕಾಗದ ಮಾತ್ರ ನನಗೆ ಬರ್ಲಿಲ್ಲ’ ಎಂದು ಎದ್ದು ಹೊರಟೇಬಿಟ್ಟರು. ಬೈದಿದ್ದರೇ ವಾಸಿಯಿತ್ತು.

ವಾಪಸು ದಾರಿಯಲ್ಲಿ ಮಾತಿಲ್ಲ. ಒದ್ದೆ ಎಲೆಯ ಮೇಲೆ ಎರಡು ಸಲ ಜಾರಿದೆ. ಎರಡನೇ ಸಲ ಬಿದ್ದಾಗ ತಿರುಗಿ ನೋಡಿ, ‘ಇಳಿಜಾರಲ್ಲಿ ಹೆಜ್ಜೆ ಚಿಕ್ಕದಿಡು, ಮಂಡಿ ಸ್ವಲ್ಪ ಮಡಚು’ ಎಂದರು. ಇನ್ನಷ್ಟು ದೂರ ನಡೆದ ಮೇಲೆ, ತಿರುಗದೆಯೇ: ‘ಪರೀಕ್ಷೆ ಯಾವಾಗ?’

ಹೇಳಿದೆ. ‘ಟ್ಯೂಷನ್ ಬೇಕಾ?’ ಬೇಡ ಎಂದೆ. ‘ಬೇಕಾದ್ರೆ ಹೇಳು. ಹೇಳೋದು ಕಲಿ ಮೊದ್ಲು.’

ಅಲ್ಲಿ ಜನವರಿಯಲ್ಲಿ ಐದು ಗಂಟೆ ಕಳೆಯುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ನಮ್ಮ ಗಡಿಯಾರ ಒಂದೇ ಆದರೂ ಅಂಡಮಾನ್ ನಮಗಿಂತ ಅಷ್ಟು ಪೂರ್ವಕ್ಕಿದೆ. ಹೋಗುವವರು ಬೆಳಿಗ್ಗೆಯೇ ಹೊರಡಿ, ನೀರು ಹೆಚ್ಚು ಒಯ್ಯಿರಿ, ಹಿಡಿತವಿರುವ ಶೂ ಹಾಕಿ, ಬಾಟಲಿ ವಾಪಸು ತನ್ನಿ. ಮಧುಬನ್‌ವರೆಗೆ ಹೋಗುವುದಾದರೆ ಗೇಟಿನಲ್ಲಿ ಮೊದಲೇ ಕೇಳಿಕೊಳ್ಳಿ. ನಾವು ದೋಣಿ ಹತ್ತುವಾಗ ಕತ್ತಲಾಗಿತ್ತು. ಅಪ್ಪ ಜೇಬಿನಿಂದ ಆ ಕಾಯಿ ತೆಗೆದು ನೋಡಿ, ‘ಕಾಡಿಂದು ಕಾಡಲ್ಲೇ ಇರ್ಬೇಕಿತ್ತು, ಮರೆತು ಬಂತು’ ಎಂದು ಪೇಚಾಡಿದರು.

ಮುಂದಿನ ತಿಂಗಳು ಮತ್ತೆ ಪರೀಕ್ಷೆ. ಪಾಸಾಗುತ್ತೇನೋ ಇಲ್ಲವೋ ಗೊತ್ತಿಲ್ಲ. ಫಲಿತಾಂಶ ಬಂದ ದಿನ ಮೊದಲ ಫೋನ್ ಮಾತ್ರ ಅಪ್ಪನಿಗೇ.